ಕೇರಿಯ ಬಡತನವೂ ಮಕ್ಕಳ ಓದೂ

ಕಾಫಿ ಮಂಡಳಿಯ ಕಚೇರಿಗೆಂದೋ, ದೊಡ್ಡ ಆಸ್ಪತ್ರೆಗೆಂದೋ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸದಲ್ಲಿರುವ ಮಗನ ಮನೆಗೆಂದೋ ನಮ್ಮ ಬೆಳೆಗಾರ ಬಾಂಧವರಲ್ಲಿ ಬಹಳ ಮಂದಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಬೆಂಗಳೂರಿಗೆ ಹೋಗಿ ಬರುತ್ತಾರೆ. ರಾತ್ರಿ ಬಸ್ಸು ನೆಲಮಂಗಲ ದಾಟುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಪೀಣ್ಯದ ಮೇಲ್ಸೇತುವೆಯ ಮೇಲೆ ಬಸ್ಸು ಓಡುವಾಗ ಎಡಬಲದಲ್ಲಿ ಕಾರ್ಖಾನೆಗಳ ತಗಡಿನ ಮಾಡುಗಳು, ಅವುಗಳ ಬೆನ್ನಿಗೆ ಬೆಂಕಿಪೊಟ್ಟಣ ಜೋಡಿಸಿಟ್ಟಂತೆ ಮನೆಗಳು. ಮಗನ ಮನೆ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇದ್ದರೆ, ಹತ್ತನೆಯ ಅಂತಸ್ತಿನ ಬಾಲ್ಕನಿಯಿಂದ ಕೆಳಗೆ ನೀಲಿ ಟಾರ್ಪಾಲಿನ ಗುಡಿಸಲುಗಳ ಸಾಲು ಕಾಣುವುದೂ ಉಂಟು. ಆ ಮನೆಗಳಲ್ಲಿಯೂ ಗುಡಿಸಲುಗಳಲ್ಲಿಯೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿದ್ದಾರೆ. ಅವರ ಓದಿನ ವಿಚಾರವನ್ನು ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಎತ್ತಿಕೊಂಡಿದ್ದೇವೆ. ಬೆಳೆಗಾರರ ಪತ್ರಿಕೆಗೆ ಪಟ್ಟಣದ ಕೇರಿಗಳ ಉಸಾಬರಿ ಏಕೆ ಎಂದು ಕೇಳುವವರು ಇರಬಹುದು. ಅಂಥವರು ದಯವಿಟ್ಟು ಕಡೆಯವರೆಗೆ ಓದಬೇಕು.

2024ರ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ನಮ್ಮ ಕಡೆ ಸಂತೋಷಪಟ್ಟವರು ಹೆಚ್ಚು. ಉಡುಪಿ ಜಿಲ್ಲೆ ಶೇ. 94ರೊಡನೆ ಮೊದಲನೆಯದು, ದಕ್ಷಿಣ ಕನ್ನಡ ಶೇ. 92.12ರೊಡನೆ ಎರಡನೆಯದು, ಶಿವಮೊಗ್ಗ ಶೇ. 88.67ರೊಡನೆ ಮೂರನೆಯದು. ಮೂರೂ ಅಡಿಕೆಯ ಜಿಲ್ಲೆಗಳೇ. ಪಟ್ಟಿಯ ತಳದಲ್ಲಿ ಯಾದಗಿರಿ. ಅಲ್ಲಿ ತೇರ್ಗಡೆಯಾದವರು ಶೇ. 50.59. ನಮ್ಮ ಮಕ್ಕಳು ಜಾಣರು, ಅಲ್ಲಿಯವರು ದಡ್ಡರು ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ಲೆಕ್ಕ ಬರುವುದಿಲ್ಲವೆಂದೇ ಹೇಳಬೇಕು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕೂ ಹೆಚ್ಚು ಆಗಿನ ಗುಲ್ಬರ್ಗ ವಿಭಾಗದವು. ಊರಿನ ಬಡತನ ಒಂದು ಪಟ್ಟಿಯಲ್ಲಿ, ಮಕ್ಕಳ ಅಂಕ ಇನ್ನೊಂದು ಪಟ್ಟಿಯಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಹಿಂಗಾರು ಕೈಕೊಟ್ಟರೆ, ಮುಂಗಾರಿನ ಬೆಳೆ ಸಾಲ ತೀರಿಸಲು ಸಾಲದೆ ಹೋದರೆ, ಆ ಕಡೆಯ ಕುಟುಂಬಗಳು ಗುಳೆ ಹೊರಡುತ್ತವೆ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಹೊರಟವರಲ್ಲಿ ಅನೇಕರು ಬಂದಿಳಿಯುವುದು ಬೆಂಗಳೂರಿನ ಹೊರವಲಯದ ಕಟ್ಟಡ ಕೆಲಸಗಳಿಗೆ. ಹೀಗಾಗಿ ಜಿಲ್ಲಾ ಪಟ್ಟಿಯಲ್ಲಿ ನಾವು ಯಾದಗಿರಿಯೆಂದು ಓದುವ ಕಷ್ಟದ ಒಂದು ಪಾಲು, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ನೆರಳಿನಲ್ಲಿಯೇ ಟೆಂಟು ಹಾಕಿಕೊಂಡು ಕೂತಿದೆ.

ಈ ಮೂರು ವಲಯಗಳ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ವೈಟ್‌ಫೀಲ್ಡು 1882ರಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲೆಂದು ಚಾಮರಾಜ ಒಡೆಯರ ಕಾಲದಲ್ಲಿ ಭೂಮಿ ಪಡೆದು ಹುಟ್ಟಿದ ಹಳ್ಳಿ. ಪೀಣ್ಯದ ಕೈಗಾರಿಕಾ ವಸಾಹತು ಬೆಳೆದದ್ದು 1970ರ ದಶಕದಿಂದ. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಮೂರೂ ಕಡೆ ಕಾರ್ಖಾನೆ, ಕಚೇರಿಗಳಿಗೆ ಯೋಜನೆ ಇತ್ತು, ನಕ್ಷೆ ಇತ್ತು. ಅಲ್ಲಿ ಕೆಲಸ ಮಾಡುವ ಕೂಲಿಕಾರ, ಕಾವಲುಗಾರ, ಗಾರ್ಮೆಂಟ್ಸಿನ ಹೆಂಗಸು ಎಲ್ಲಿ ಮಲಗಬೇಕು, ಅವರ ಮಕ್ಕಳು ಎಲ್ಲಿ ಓದಬೇಕು ಎಂಬುದಕ್ಕೆ ಅಂಥ ನಕ್ಷೆ ಇರಲಿಲ್ಲ. ಹೆಗ್ಗನಹಳ್ಳಿ, ಲಗ್ಗೆರೆ, ಹೆಬ್ಬಗೋಡಿ, ಮುನ್ನೇಕೊಳಾಲ, ತೂಬರಹಳ್ಳಿಯಂಥ ಹಳ್ಳಿಗಳೇ ಆ ಹೊರೆಯನ್ನು ಹೊತ್ತವು.

ಬಡತನ ಎಂದರೆ ಮನೆಯಲ್ಲಿ ಹಣ ಇಲ್ಲದಿರುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಸರಿಯೇ. ಆದರೆ ಒಂದು ಬಡ ಮನೆ ಅನುಕೂಲವಂತರ ನಡುವೆ ಇರುವುದು ಬೇರೆ, ಇನ್ನೂರು ಬಡ ಮನೆಗಳ ನಡುವೆ ಇರುವುದು ಬೇರೆ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಮಳೆಗೆ ಮುಂಚೆ ತಪ್ಪದೆ ಬೋರ್ಡೋ ಹೊಡೆಸಿರುತ್ತೀರಿ. ಪಕ್ಕದ ತೋಟದವರು ಹೊಡೆಸಿಲ್ಲ, ಅದರಾಚೆಯವರೂ ಹೊಡೆಸಿಲ್ಲ. ಆಗ ಕೊಳೆರೋಗ ನಿಮ್ಮ ಗೊನೆಯನ್ನು ಬಿಟ್ಟು ಹೋಗುತ್ತದೆಯೇ? ಬಸಿಗಾಲುವೆಯ ಮಾತೂ ಹಾಗೆಯೇ. ಕೆಳಗಿನ ತೋಟದವರು ಕಪ್ಪು ಕಟ್ಟಿಕೊಂಡಿದ್ದರೆ ಮೇಲಿನವರ ಬುಡದಲ್ಲಿ ನೀರು ನಿಲ್ಲುತ್ತದೆ. ಕೇರಿಯ ಬಡತನ ಮಕ್ಕಳ ಓದಿಗೆ ತಾಗುವುದು ಬಹುಮಟ್ಟಿಗೆ ಈ ರೀತಿಯಲ್ಲಿ. ಒಂದು ಮನೆಯ ಶ್ರಮವನ್ನು ಸುತ್ತಲಿನ ಸ್ಥಿತಿ ತಿಂದುಹಾಕುತ್ತದೆ.

ಮೊದಲು ಮನೆಯನ್ನೇ ನೋಡೋಣ. ಪೀಣ್ಯದ ಸುತ್ತ ಗಾರ್ಮೆಂಟ್ಸಿಗೆ, ಮಷೀನ್ ಶಾಪಿಗೆ ಹೋಗುವವರು ಬಾಡಿಗೆಗೆ ಹಿಡಿಯುವುದು ಹೆಚ್ಚಾಗಿ ಶೀಟಿನ ಮನೆ ಅಥವಾ ವಠಾರದ ಒಂದು ಕೋಣೆ. ಅಡಿಗೆ, ಊಟ, ನಿದ್ದೆ, ಟಿ.ವಿ., ಬಂದ ನೆಂಟರು, ಕಾಯಿಲೆಯವರು ಎಲ್ಲ ಆ ಕೋಣೆಯಲ್ಲೇ. ಸಂಜೆ ಏಳರಿಂದ ಒಂಬತ್ತು ಎಂದರೆ ನಮ್ಮ ಮನೆಗಳಲ್ಲಿ ಮಕ್ಕಳು ಪುಸ್ತಕ ಹಿಡಿದು ಕೂರುವ ಹೊತ್ತು; ಶೀಟಿನ ಮನೆಯಲ್ಲಿ ಅದು ತಾಯಿ ಕೆಲಸದಿಂದ ಬಂದು ಒಲೆ ಹಚ್ಚುವ ಹೊತ್ತು. ಮಗುವಿಗೆ ಪುಸ್ತಕ ಹರಡಿಕೊಳ್ಳಲು ಮೂರಡಿ ನೆಲ ಸಿಗುವುದು ಎಲ್ಲರೂ ಮಲಗಲು ಸಿದ್ಧವಾದ ಮೇಲೆ. ಆಗ ದೀಪ ಆರಿಸಬೇಕಾಗುತ್ತದೆ. ಟಾರ್ಪಾಲಿನ ಗುಡಿಸಲಾದರೆ ಈ ಮಾತೂ ಹೆಚ್ಚಾಯಿತು. ಅಲ್ಲಿ ಜಾಗಕ್ಕೂ ಬಾಡಿಗೆ ತೆರಬೇಕು. ಖಾಲಿ ನಿವೇಶನದ ಮಾಲೀಕರೋ ಮಧ್ಯದವರೋ ಗುಡಿಸಲಿಗೆ ಇಷ್ಟೆಂದು ತಿಂಗಳು ತಿಂಗಳು ವಸೂಲು ಮಾಡುತ್ತಾರೆ. ಮಳೆ ಬಂದ ರಾತ್ರಿ ಮೊದಲು ಒದ್ದೆಯಾಗುವುದು ನೆಲದ ಮೇಲಿಟ್ಟ ಚೀಲ, ಅದರೊಳಗಿನ ಪಠ್ಯಪುಸ್ತಕ. ಸರ್ಕಾರ ಪುಸ್ತಕವನ್ನು ಉಚಿತವಾಗಿ ಕೊಡುತ್ತದೆ, ನಿಜ. ಅದನ್ನು ಒಣಗಿಟ್ಟುಕೊಳ್ಳಲು ಜಾಗ ಕೊಡುವುದಿಲ್ಲ.

ಗದ್ದಲದ ವಿಷಯವನ್ನು ನಾವು ಲಘುವಾಗಿ ತೆಗೆದುಕೊಳ್ಳುತ್ತೇವೆ. ನ್ಯೂಯಾರ್ಕ್ ನಗರದಲ್ಲಿ ಎತ್ತರದ ಹಳಿಯ ಮೇಲೆ ರೈಲು ಓಡುವ ಪಕ್ಕದಲ್ಲೇ ಒಂದು ಶಾಲೆಯಿತ್ತು. ಕಟ್ಟಡ ಒಂದೇ, ಉಪಾಧ್ಯಾಯರ ಮಟ್ಟವೂ ಒಂದೇ. ಕೆಲವು ಕೊಠಡಿಗಳು ಹಳಿಯ ಕಡೆಗೆ, ಕೆಲವು ಹಿಂದಿನ ಕಡೆಗೆ. ಅರ್ಲೀನ್ ಬ್ರೋನ್‌ಜ಼ಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳ ಓದುವ ಶಕ್ತಿಯನ್ನು ಅಳೆದು 1975ರಲ್ಲಿ ಪ್ರಕಟಿಸಿದರು. ಹಳಿಯ ಕಡೆಯ ಕೊಠಡಿಗಳ ಆರನೆಯ ತರಗತಿಯ ಮಕ್ಕಳು ಹಿಂದಿನ ಕೊಠಡಿಗಳವರಿಗಿಂತ ಸುಮಾರು ಒಂದು ವರ್ಷದ ಓದಿನಷ್ಟು ಹಿಂದೆ ಬಿದ್ದಿದ್ದರು. ಆಮೇಲೆ ಹಳಿಯ ಕೆಳಗೆ ರಬ್ಬರು ಹಾಕಿದರು, ತರಗತಿಗಳ ಮಾಡಿಗೆ ಶಬ್ದ ಹೀರುವ ಹಲಗೆ ಬಡಿದರು. 1981ರಲ್ಲಿ ಮತ್ತೆ ಅಳೆದಾಗ ಅಂತರ ಕಾಣಲಿಲ್ಲ. ಮಕ್ಕಳ ಬುದ್ಧಿಯನ್ನು ಯಾರೂ ತಿದ್ದಲಿಲ್ಲ, ರಬ್ಬರು ಹಾಕಿದರು ಅಷ್ಟೆ. ಲೇತು, ಪ್ರೆಸ್ಸುಗಳ ಸದ್ದಿನ ಪಕ್ಕದಲ್ಲಿ ಬೆಳೆಯುವ ಪೀಣ್ಯದ ಮಕ್ಕಳ ಬಗ್ಗೆ ಮಾತನಾಡುವಾಗ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನೀರಿನ ಕಥೆ ಇನ್ನೊಂದು. ಈ ವಲಯಗಳಲ್ಲಿ ಹೆಚ್ಚಿನವು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಏಳು ನಗರಸಭೆಗಳ, 110 ಹಳ್ಳಿಗಳ ಎಲ್ಲೆಯೊಳಗಿನವು. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಎಂದರೆ ಹದಿನೇಳು ವರ್ಷಗಳ ಮೇಲೆ. ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿಗೆ ಜನ ಕೊಡ ಸಾಲಿಟ್ಟು ನಿಂತ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಪೀಣ್ಯದಲ್ಲಂತೂ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿರುವ ಸಂಗತಿ. ಕೊಳವೆಬಾವಿ ಇದ್ದರೂ ನೆಚ್ಚುವಂತಿಲ್ಲ. ಟ್ಯಾಂಕರು ಬರುವ ಹೊತ್ತು ಶಾಲೆಯ ಗಂಟೆಯನ್ನು ಕೇಳಿ ಬರುವುದಿಲ್ಲ. ತಂದೆ ತಾಯಿ ಕೆಲಸಕ್ಕೆ ಹೋದ ಮನೆಯಲ್ಲಿ ಕೊಡ ಹಿಡಿದು ಕಾಯುವವರು ಯಾರು? ಹೆಚ್ಚಾಗಿ ಹತ್ತು ಹನ್ನೆರಡು ವರ್ಷದ ಹುಡುಗಿ.

ಅದೇ ಹುಡುಗಿಗೆ ಇನ್ನೊಂದು ಕೆಲಸವೂ ಇರುತ್ತದೆ, ಕೂಸು ಕಾಯುವುದು. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 50ಕ್ಕಿಂತ ಹೆಚ್ಚು ಹೆಂಗಸರಿರುವ ಕಟ್ಟಡ ಕೆಲಸದ ಜಾಗಗಳಿಗೂ 1996ರ ಕಾಯ್ದೆ ಅದನ್ನೇ ಹೇಳಿತು. ಕಾಯ್ದೆಯ ಮಾತು ಅದು. ಸಣ್ಣ ಗುತ್ತಿಗೆಯಲ್ಲಿ ಹತ್ತು ಹದಿನೈದು ಹೆಂಗಸರು ಇರುವ ಕಡೆ ಈ ಸಂಖ್ಯೆ ಎಲ್ಲಿಂದ ಬರಬೇಕು? ಕೂಸನ್ನು ಬಿಸಿಲಲ್ಲಿ ಮರಳಿನ ರಾಶಿಯ ಪಕ್ಕ ಮಲಗಿಸುವ ಬದಲು ಅಕ್ಕನ ಕಂಕುಳಿಗೆ ಕೊಟ್ಟು ಹೋಗುತ್ತಾರೆ. ತಾಯಿಯನ್ನು ದೂರುವಂತಿಲ್ಲ. ಆದರೆ ಆ ಅಕ್ಕನ ಹಾಜರಿ ಪುಸ್ತಕದಲ್ಲಿ ವಾರಕ್ಕೆ ಎರಡು ದಿನ ಗೈರುಹಾಜರಿ ಬೀಳುತ್ತದೆ, ಆಮೇಲೆ ಮೂರು ದಿನ, ಆಮೇಲೆ ಹೆಸರೇ ಬಿಟ್ಟುಹೋಗುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಹುಡುಗಿಯ ಕಾರಣ ಹುಡುಕಿದರೆ ಬಹಳ ಸಲ ಸಿಗುವುದು ಅವಳ ತಮ್ಮನ ವಯಸ್ಸು.

ಗುಳೆ ಬಂದ ಮಕ್ಕಳ ದೊಡ್ಡ ತೊಂದರೆ ಮಾತ್ರ ಬೇರೆಯದೇ. ಶಾಲೆಯ ವರ್ಷ ಆರಂಭವಾಗುವುದು ಮೇ ಕೊನೆಯಲ್ಲೋ ಜೂನಿನಲ್ಲೋ. ಬಿತ್ತನೆಗೆಂದು ಆಗ ಕುಟುಂಬ ಊರಿನಲ್ಲಿರುತ್ತದೆ. ಮಗುವಿನ ಹೆಸರು ಊರಿನ ಶಾಲೆಯಲ್ಲಿ ಬರೆಸುತ್ತಾರೆ. ಸುಗ್ಗಿ ಮುಗಿದು ಕುಟುಂಬ ಬೆಂಗಳೂರಿಗೆ ಬರುವ ಹೊತ್ತಿಗೆ ವರ್ಷದ ಅರ್ಧ ಪಾಠ ಆಗಿಹೋಗಿರುತ್ತದೆ. ಊರಿನ ಶಾಲೆಯಲ್ಲಿ ಹೆಸರಿದೆ, ಮಗು ಇಲ್ಲ. ಇಲ್ಲಿ ಮಗು ಇದೆ, ಹೆಸರಿಲ್ಲ. ಮತ್ತೆ ಯುಗಾದಿಗೋ ಊರ ಜಾತ್ರೆಗೋ ಹಿಂದಿರುಗುವಾಗ ಪರೀಕ್ಷೆಯ ಕಾಲ. ಹೀಗೆ ಎರಡು ವರ್ಷ ಕಳೆದರೆ ಐದನೆಯ ತರಗತಿಯ ಮಗುವಿಗೆ ಎರಡನೆಯ ತರಗತಿಯ ಪಾಠ ಓದಲಾಗುವುದಿಲ್ಲ. ಇದಕ್ಕೆ ಉಪಾಯವೇ ಇಲ್ಲವೆಂದಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದ ಮುಂದುವರಿಯಬಹುದು. ನಡುವೆ ಬಿಟ್ಟು ಬಂದ ಮಗುವಿಗೆ ಇದಕ್ಕಿಂತ ಒಪ್ಪುವ ಕ್ರಮ ಇನ್ನೊಂದಿಲ್ಲ. ಕಟ್ಟಡ ಕೂಲಿಗಳ ಬೀಡಿನಲ್ಲಿಯೇ ನಡೆಸುವ ಟೆಂಟ್ ಶಾಲೆ, ಬಿಟ್ಟ ಪಾಠವನ್ನು ತುಂಬಿಸಿ ಶಾಲೆಗೆ ಸೇರಿಸುವ ಚಿಣ್ಣರ ಅಂಗಳ ಮೊದಲಾದ ಪ್ರಯತ್ನಗಳನ್ನೂ ನಮ್ಮ ರಾಜ್ಯ ಮಾಡಿದೆ. ಇವು ನಡೆದ ಕಡೆ ಮಕ್ಕಳು ಕಲಿತಿದ್ದಾರೆ. ಕೆಲಸ ಮುಗಿದು ಬೀಡು ಇನ್ನೊಂದು ಬಡಾವಣೆಗೆ ಎದ್ದು ಹೋದಾಗ ಶಾಲೆಯೂ ಎದ್ದು ಹಿಂದೆ ಹೋಗಬೇಕು. ತೊಡಕು ಬರುವುದು ಅಲ್ಲಿಯೇ.

ಬೀಡು ತಾನಾಗಿ ಏಳದೆ ಎಬ್ಬಿಸಿದ್ದೂ ಉಂಟು. 2020ರ ಜನವರಿಯಲ್ಲಿ ವೈಟ್‌ಫೀಲ್ಡಿಗೆ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರು ಹೊರದೇಶದವರೆಂಬ ಪುಕಾರಿತ್ತು. ನೋಡಿದರೆ ನಮ್ಮ ಉತ್ತರ ಕರ್ನಾಟಕದವರೂ ಈಶಾನ್ಯ ರಾಜ್ಯಗಳವರೂ ಅವರಲ್ಲಿದ್ದರು. ಉಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಿ ತಡೆ ನೀಡಿತು. ಗುಡಿಸಲು ಬಿದ್ದ ಮೇಲೆ ಕುಟುಂಬ ಇನ್ನೊಂದು ಕಡೆ ಟಾರ್ಪಾಲು ಕಟ್ಟಿಕೊಳ್ಳಬಹುದು. ಹತ್ತಿರದ ಶಾಲೆಗೆ ಹೊಂದಿಕೊಂಡಿದ್ದ ಮಗುವಿಗೆ ಅಷ್ಟು ಬೇಗ ಇನ್ನೊಂದು ಶಾಲೆ ಕಟ್ಟಿಕೊಳ್ಳಲಾಗುವುದಿಲ್ಲ.

ಭಾಷೆಯ ಮಾತನ್ನೂ ಇಲ್ಲಿ ಸೇರಿಸಬೇಕು. ತೂಬರಹಳ್ಳಿ ಕಡೆಯ ಬೀಡುಗಳಲ್ಲಿ ಕಸ ಬೇರ್ಪಡಿಸಿ ಬದುಕುವ ಬಂಗಾಳಿ ಮಾತಿನ ಕುಟುಂಬಗಳಿವೆ. ಅವರ ಮಕ್ಕಳಿಗೆ ಕನ್ನಡ ಶಾಲೆಯ ಮೊದಲ ಆರು ತಿಂಗಳು ಕಾಡಿನಲ್ಲಿ ಬಿಟ್ಟಂತೆ. ಆದರೆ ಕಲಬುರಗಿಯ ಮಗುವಿನ ಪಾಡೂ ಸುಲಭವಲ್ಲ. ಅದು ಕನ್ನಡವನ್ನೇ ಆಡುತ್ತದೆ, ತನ್ನ ಊರಿನ ಕನ್ನಡವನ್ನು. ತರಗತಿಯಲ್ಲಿ ಉಳಿದ ಮಕ್ಕಳು ನಗುತ್ತಾರೆ. ಒಮ್ಮೊಮ್ಮೆ ಮೇಷ್ಟರೂ ನಗುತ್ತಾರೆ. ಎರಡು ಸಲ ನಕ್ಕರೆ ಮೂರನೆಯ ಸಲ ಮಗು ಬಾಯಿ ಬಿಡುವುದಿಲ್ಲ. ಕರಾವಳಿಯ, ಮಲೆನಾಡಿನ ನಮ್ಮ ಮಾತಿಗೂ ಬೆಂಗಳೂರಿನಲ್ಲಿ ನಕ್ಕವರಿದ್ದರು ಎಂಬುದನ್ನು ಹಳಬರು ಮರೆತಿರಲಾರರು.

ಇನ್ನು ಶಾಲೆಯೊಳಗೆ ಏನಾಗುತ್ತದೆ ಎಂಬುದು. ಸ್ವಲ್ಪ ಅನುಕೂಲವಾದ ಮನೆಯವರು ಮಕ್ಕಳನ್ನು ಕಾನ್ವೆಂಟಿಗೆ ಹಾಕುತ್ತಾರೆ. ಕಾರ್ಖಾನೆಯಲ್ಲಿ ಕಾಯಂ ಆದ ಕೆಲಸಗಾರನೂ ಸಾಲ ಮಾಡಿಯಾದರೂ ಹಾಗೆಯೇ ಮಾಡುತ್ತಾನೆ. ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಬಡವರಲ್ಲಿಯೂ ಬಡವರು. ಆಗ ತರಗತಿಯ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿಗೆ ಪ್ರತ್ಯೇಕ ಗಮನ ಬೇಕು, ಉಪಾಧ್ಯಾಯರು ಒಬ್ಬರು. 1966ರಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್ ಎಂಬ ವಿದ್ವಾಂಸರು ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಮಿಕ್ಕ ಮಕ್ಕಳನ್ನು ಪರೀಕ್ಷಿಸಿ ಒಂದು ವರದಿ ಕೊಟ್ಟರು. ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮಗುವಿನ ಮನೆಯ ಸ್ಥಿತಿ ಹೆಚ್ಚು ನಿರ್ಣಾಯಕ. ಅದರ ಮೇಲೆ, ಜೊತೆಗೆ ಕೂರುವ ಮಕ್ಕಳು ಎಂಥ ಮನೆಗಳಿಂದ ಬಂದವರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅದರ ಸಾರ. ಆಗ ಅನೇಕರಿಗೆ ಇದು ಹಿಡಿಸಲಿಲ್ಲ. ಶಾಲೆಗೆ ಖರ್ಚು ಮಾಡುವುದು ವ್ಯರ್ಥವೆಂದು ಕೆಲವರು ಅದರಿಂದ ತಪ್ಪು ತೀರ್ಮಾನಕ್ಕೆ ಬಂದದ್ದೂ ಉಂಟು. ನಮ್ಮ ಕಡೆಯೂ ಕಂಪನಿಗಳು 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇ. 2ರಷ್ಟನ್ನು ಸಮಾಜ ಕಾರ್ಯಕ್ಕೆ ಎತ್ತಿಡುತ್ತವೆ; ಅದರಲ್ಲಿ ಶಾಲೆಗಳಿಗೆ ಗೋಡೆ, ಬಣ್ಣ, ಕಂಪ್ಯೂಟರು ಬರುತ್ತವೆ. ಬೇಡವೆನ್ನುವವರು ಯಾರು? ಆದರೆ ಬಣ್ಣ ಬಳಿದ ಗೋಡೆ ಸಂಜೆ ಏಳು ಗಂಟೆಗೆ ಮಗುವಿನ ಜೊತೆ ಮನೆಗೆ ಹೋಗುವುದಿಲ್ಲ.

ಬಡ ಮಕ್ಕಳೂ ಅನುಕೂಲವಂತರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಲೆಂದೇ 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸ್ಥಾನಗಳನ್ನು ಮೀಸಲಿಟ್ಟಿತು. 2019ರಿಂದ ನಮ್ಮ ರಾಜ್ಯ ನಿಯಮ ಬದಲಾಯಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಆ ಸ್ಥಾನ ಸಿಗದಂತಾಯಿತು. ಸರ್ಕಾರದ ಹಣ ಸರ್ಕಾರಿ ಶಾಲೆಗೇ ಸಲ್ಲಲಿ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಬೆಂಚಿನ ಮಾತು ಅಲ್ಲಿಗೆ ನಿಂತಿತು ಎಂಬುದನ್ನು ಹೇಳದಿರಲಾರೆವು.

ಕೇರಿಯನ್ನು ಬಿಟ್ಟು ಹೋದರೆ ಮಗುವಿನ ಹಣೆಬರಹ ಬದಲಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ ಸುಮಾರು 4,600 ಬಡ ಕುಟುಂಬಗಳ ನಡುವೆ ಚೀಟಿ ಎತ್ತಿ, ಚೀಟಿ ಬಂದವರಿಗೆ ಒಳ್ಳೆಯ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ಮೊದಲ ಹತ್ತು ವರ್ಷ ಫಲ ನೋಡಿದವರಿಗೆ ನಿರಾಶೆ. ಮಕ್ಕಳ ಪರೀಕ್ಷೆಯ ಅಂಕ ಹೇಳಿಕೊಳ್ಳುವಂತೆ ಏರಿರಲಿಲ್ಲ. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2015ರಲ್ಲಿ ಅದೇ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಲೆಕ್ಕ ಹಾಕಿದಾಗ, 13 ವರ್ಷ ತುಂಬುವ ಮೊದಲೇ ಕೇರಿ ಬಿಟ್ಟವರ ಸಂಪಾದನೆ ಬಿಡದವರಿಗಿಂತ ಶೇ. 31ರಷ್ಟು ಹೆಚ್ಚಾಗಿತ್ತು, ಕಾಲೇಜಿಗೆ ಹೋದವರೂ ಹೆಚ್ಚು. 13 ದಾಟಿದ ಮೇಲೆ ಹೋದವರಿಗೆ ಅಂಥ ಲಾಭ ಕಾಣಲಿಲ್ಲ. ಸಸಿಮಡಿಯಲ್ಲಿ ಬೇರು ಸುತ್ತಿಕೊಂಡ ಗಿಡವನ್ನು ತಡವಾಗಿ ಎಷ್ಟು ಒಳ್ಳೆಯ ನೆಲಕ್ಕೆ ನೆಟ್ಟರೂ ಅದು ಬೆಳೆಯುವ ರೀತಿ ನಮಗೆ ಗೊತ್ತೇ ಇದೆ.

ಎಲ್ಲರನ್ನೂ ಒಳ್ಳೆಯ ಬಡಾವಣೆಗೆ ಒಯ್ಯುವುದು ಆಗದ ಮಾತು. ಆದರೆ ಕೇರಿಯ ಕೊರತೆಯಲ್ಲಿ ಒಂದೊಂದನ್ನು ಶಾಲೆಯೇ ತುಂಬಿಕೊಡಬಹುದೆಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿತು. 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಆರಂಭವಾಯಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು. ಅದು ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಗಳ ಹಾಲು ಎಂಬುದು ನಾವು ಹೆಮ್ಮೆಪಡಬೇಕಾದ ವಿಷಯ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆಯನ್ನು ವಾರದ ಆರು ದಿನಕ್ಕೂ ವಿಸ್ತರಿಸಿದರು. ಹಸಿದ ಮಗು ಮಧ್ಯಾಹ್ನ ಮನೆಗೆ ಓಡಿಹೋಗುವುದು ಇದರಿಂದ ನಿಂತಿದೆ. ಹೊಟ್ಟೆಗೆ ಮಾಡಿದ ವ್ಯವಸ್ಥೆಯನ್ನು ಸಂಜೆಯ ಎರಡು ಗಂಟೆಗೂ ಮಾಡಬಹುದಲ್ಲವೇ? ಶಾಲೆಯ ಒಂದು ಕೊಠಡಿ, ಒಂದು ದೀಪ, ಮೇಲ್ವಿಚಾರಣೆಗೆ ಒಬ್ಬರು, ಕಂಕುಳ ಕೂಸಿಗೆ ಮೂಲೆಯಲ್ಲೊಂದು ಚಾಪೆ. ಇದಕ್ಕೆ ಬೀಳುವ ಖರ್ಚು ಬಣ್ಣದ ಖರ್ಚಿಗಿಂತ ಹೆಚ್ಚಲ್ಲ.

ಕೊರೋನಾ ಕಾಲದಲ್ಲಿ ಈ ಅಂತರ ಬಯಲಿಗೆ ಬಂತು. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ನಮ್ಮ ರಾಜ್ಯದಲ್ಲಿ ಪೂರ್ಣವಾಗಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು. ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದು ಕಳಿಸುವ ಕಟ್ಟಡದ ಕಾಂಪೌಂಡಿನ ಆಚೆಗೆ, ಮನೆಗೊಂದೇ ಫೋನು. ಅದೂ ಬೆಳಗ್ಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಆಗ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಕ್ಕಳು ಅಕ್ಷರ ತಿದ್ದಲು ಕೂತದ್ದು ಎರಡನೆಯ ತರಗತಿಯ ನಡುವಿನಲ್ಲಿ.

ಈಗ ನಮ್ಮ ತೋಟಕ್ಕೆ ಬರೋಣ. ಬೆಂಗಳೂರಿಗೆ ಗುಳೆ ಹೋಗುವ ಜನರಂತೆಯೇ ಕಾಫಿ ಹಣ್ಣಿನ ಕುಯ್ಲಿಗೂ ಅಡಿಕೆ ಸುಲಿಯುವುದಕ್ಕೂ ನಮ್ಮಲ್ಲಿಗೆ ಬರುವ ಜನ ಇದ್ದಾರೆ. ಉತ್ತರ ಕರ್ನಾಟಕದವರು, ಈಚಿನ ವರ್ಷಗಳಲ್ಲಿ ಅಸ್ಸಾಮಿನವರು, ಜಾರ್ಖಂಡಿನವರು. ಮಕ್ಕಳನ್ನು ಕರೆದುಕೊಂಡೇ ಬರುತ್ತಾರೆ. ಲೈನಿನ ಮನೆಗಳಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಆ ಮಕ್ಕಳು ಏನು ಮಾಡುತ್ತಾರೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? 1951ರ ತೋಟ ಕಾರ್ಮಿಕರ ಕಾಯ್ದೆ 50 ಹೆಂಗಸರಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರವನ್ನೂ, ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಾಲೆಯ ಅನುಕೂಲವನ್ನೂ ಕೇಳಿತ್ತು. 5 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರಾದ ನಾವು ಆ ಕಾಯ್ದೆಯ ಹೊರಗೇ ಉಳಿದೆವು. 2020ರ ಕಾರ್ಮಿಕ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಕಾಯ್ದೆ ನಮ್ಮನ್ನು ಕೇಳುವುದಿಲ್ಲ ಎಂಬುದು ಸರಿ. ಆದರೆ ಇನ್ನೊಂದು ಕಡೆ ನೋಡಿ: ಮಲೆನಾಡಿನಲ್ಲಿ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿವೆ. ಹತ್ತು ಮಕ್ಕಳಿಗಾಗಿ ಒಬ್ಬ ಮೇಷ್ಟರು ಕಾಯುತ್ತಾರೆ. ಬೆಂಗಳೂರಿನ ಅಂಚಿನಲ್ಲಿ ಸಿಗದ ಎಲ್ಲವೂ ಇಲ್ಲಿದೆ. ಶಾಂತವಾದ ಕೊಠಡಿ, ಬಿಸಿಯೂಟ, ಬಾವಿಯ ನೀರು, ಮಗುವಿನ ಹೆಸರು ತಿಳಿದಿರುವ ಉಪಾಧ್ಯಾಯರು. ಲೈನಿನಿಂದ ಶಾಲೆಗೆ ಇರುವ ಎರಡು ಮೈಲಿಯೊಂದೇ ಅಡ್ಡ.

ಸದಸ್ಯರ ಅನುಕೂಲಕ್ಕಾಗಿ ಕೆಲವು ಸಂಗತಿಗಳನ್ನು ಇಲ್ಲಿ ಕಾಣಿಸುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವಯಸ್ಸಿನ ಮಗುವನ್ನು ವರ್ಷದ ಯಾವ ತಿಂಗಳಿನಲ್ಲಿ ಬಂದರೂ ಶಾಲೆಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ಬಂದಿಲ್ಲವೆಂದೋ ಹುಟ್ಟಿದ ದಿನದ ದಾಖಲೆ ಇಲ್ಲವೆಂದೋ ಹಿಂದಕ್ಕೆ ಕಳಿಸುವಂತಿಲ್ಲ. ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಬಿಟ್ಟುಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಊರಿನ ಶಾಲೆಯಲ್ಲಿ ಹೆಸರಿದ್ದ ಮಗುವಿಗೆ ಸ್ಯಾಟ್ಸ್ ಸಂಖ್ಯೆ ಎಂಬುದೊಂದು ಇರುತ್ತದೆ. ಅದನ್ನು ತಿಳಿದು ಬರೆದಿಟ್ಟರೆ ದಾಖಲಾತಿ ಸುಲಭ, ಕುಟುಂಬ ಹಿಂದಿರುಗಿದಾಗ ಇಲ್ಲಿಯ ಹಾಜರಿಯೂ ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಮೇಸ್ತ್ರಿಯ ಮೂಲಕ ಜನ ಗೊತ್ತುಮಾಡುವಾಗಲೇ ಮಕ್ಕಳ ಸಂಖ್ಯೆ, ವಯಸ್ಸು, ಈ ಸಂಖ್ಯೆಯನ್ನು ತರಲು ಹೇಳಿಕಳುಹಿಸುವುದು ಒಳ್ಳೆಯದು. ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿದರೆ ಬೆಳಗ್ಗೆ ಒಂದು ಜೀಪು ಎಲ್ಲ ಲೈನುಗಳ ಮಕ್ಕಳನ್ನೂ ಶಾಲೆಗೆ ಬಿಟ್ಟು ಬರಬಹುದು. ಹೇಗೂ ಆ ಹೊತ್ತಿಗೆ ಆಳುಗಳನ್ನು ತರಲು ಅದು ರಸ್ತೆಯಲ್ಲೇ ಇರುತ್ತದೆ. ಕೂಸುಗಳಿಗೆ ಕಣದ ಪಕ್ಕದ ನೆರಳಿನಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ದಿನಗೂಲಿಗೆ ಕೂರಿಸಿದರೆ ಐದಾರು ಹುಡುಗಿಯರು ಶಾಲೆಗೆ ಹೋಗಲು ಬಿಡುವಾಗುತ್ತಾರೆ. ಆ ಒಂದು ಕೂಲಿಯನ್ನು ಕುಯ್ಲಿನ ಖರ್ಚಿಗೆ ಸೇರಿಸಿಕೊಳ್ಳುವುದು ಕಷ್ಟವಾಗಲಾರದು. ಕೂಸಿನ ಚಿಂತೆಯಿಲ್ಲದ ತಾಯಿ ಕುಯ್ಯುವ ಹಣ್ಣೂ ಹೆಚ್ಚು ತೂಗುತ್ತದೆ. ಅರೇಬಿಕಾ ಕುಯ್ಲು ಹಿಡಿಯುವ ಮೊದಲೇ, ನವೆಂಬರಿನ ಒಳಗಾಗಿ, ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಎಷ್ಟು ಮಕ್ಕಳು ಬರಬಹುದೆಂದು ತಿಳಿಸಿದರೆ ಅವರು ಅಕ್ಕಿ, ಬೇಳೆ, ಹಾಲಿನ ಪುಡಿಯ ಬೇಡಿಕೆಯನ್ನು ಮೊದಲೇ ಬರೆದು ಕಳಿಸಲು ಅನುಕೂಲವಾಗುತ್ತದೆ.